ಗಡ್ಡಿ ಕೀಳಬ್ಯಾಡ್ರಿ, ಕೊಂಬು ಅಳೀರಿ

ಚಿಂಚೋಳಿ ಕಾಡಿನಾಗ ಬಿಳಿ ಹಬೆನೇರಿಯಾ (ನೆಲದಾಗ ಬೆಳಿಯೋ ಆರ್ಕಿಡ್) ಸಿಕ್ಕದ, ಜಿಲ್ಲಾ ಸಸ್ಯಪಟ್ಟಿಯೊಳಗ ಇದು ಇಲ್ಲ, ಗಡ್ಡಿ ತಂದು ಕುಂಡ್ಯಾಗ ಇಟ್ಟೀನಿ ಅಂತ ಗುಂಪಿನಾಗ ಬರ್ದೀರಿ. ಜೋಡಿಗೆ ಮುಂದಿನಿಂದ ತೆಗೆದ ಒಂದೇ ಫೋಟೊ. ಇದೇ ತಪ್ಪು ನಾನೂ ಮಾಡೀನಿ, ಅದಕ್ಕ ಹೇಳ್ತೀನಿ: ಆ ಫೋಟೊದಾಗ ಹೆಸರು ಸಿಗೂದಿಲ್ಲ. ಹಬೆನೇರಿಯಾದಾಗ ಪ್ಲಾಂಟಾಜಿನಿಯಾ, ಲಾಂಗಿಕಾರ್ನಿಕ್ಯುಲಾಟಾ ಅಂತ ಎರಡು ಜಾತಿ, ಎರಡೂ ಬಿಳಿ, ಮುಂದಿನಿಂದ ಒಂದರಂಗ ಇನ್ನೊಂದು ಕಾಣ್ತದ. ಫರಕು ಇರೋದು ಹೂವಿನ ಹಿಂದ ಜೋತುಬಿದ್ದ ಕೊಳವಿಯಂಥ ಕೊಂಬಿನಾಗ. ಲಾಂಗಿಕಾರ್ನಿಕ್ಯುಲಾಟಾದ್ದು 10 ಸೆಂ.ಮೀ. ಸುಮಾರು, ಮೀರಿದ್ದೂ ಅದ. ಪ್ಲಾಂಟಾಜಿನಿಯಾದ್ದು ಅದರ ಅರ್ಧ ಬಂದ್ರ ಬಂತು.

ಮಿಲಿಮೀಟರ್ ಗ್ರಾಫ್ ಹಾಳಿ ರಟ್ಟಿಗೆ ಅಂಟಿಸಿ ಹೂವಿನ ಹಿಂದ ಹಿಡೀರಿ. ಫೋನು ಹಾಳಿಗೆ ನೇರ ಇರಲಿ, ಓರೆ ಆದ್ರ ಅಳತಿ ಸುಳ್ಳಾಗ್ತದ. ಕೊಂಬು, ಅಂಡಾಶಯ ಎರಡೂ ಒಂದೇ ಫೋಟೊದಾಗ ಬರಬೇಕು. ಕೆಳಗಿನ 3 ಹೂ ಅಳೀರಿ. ತುದಿಯವು ಈಗಷ್ಟೇ ಬಿಚ್ಚಿರ್ತಾವ, ಕೊಂಬು ಪೂರ್ತಿ ಇಳಿದಿರೂದಿಲ್ಲ. ಪಕ್ಕದ ಎಸಳು ಸೀಳ್ಯಾದೋ ಇಲ್ಲೋ, ಎಲಿ ನೆಲಕ್ಕ ಹಾಸ್ಯಾದೋ ಕಾಂಡ ಏರ್ಯಾದೋ, ಅದನ್ನೂ ತೆಗೀರಿ. ಎಕ್ಸ್‌ಪೋಜರ್ ಒಂದು ಹಂತ ಇಳಿಸ್ರಿ, ಇಲ್ಲಂದ್ರ ಬಿಳಿ ತುಟಿ (ಹೂವಿನ ಕೆಳಗಿನ ಎಸಳು) ಫೋಟೊದಾಗ ಸುಟ್ಟಂಗಾಗಿ ಅಂಚೇ ಕಾಣೂದಿಲ್ಲ. ಗೂಗಲ್ ಲೆನ್ಸ್ ಹೇಳಿದ ಹೆಸರು ದಾಖಲಿ ಅಲ್ಲ. ಗಿಡ-ಪ್ರಾಣಿ ಫೋಟೊ ಹಾಕಿ ಹೆಸರು ಗುರುತಿಸೋ ಐನ್ಯಾಚುರಲಿಸ್ಟ್ ತಾಣ ವಾಸಿ, ಆದ್ರ ಜಾಗ ಮರೆಮಾಡಿ ಹಾಕ್ರಿ. ಗುಂಪಿನಾಗ ಹಾಕಿದ ಲೊಕೇಶನ್ ಈಗಲೇ ಅಳಿಸ್ರಿ. ನಿಮ್ಮ ವಹಿಯೊಳಗ ಮಾತ್ರ ಅಕ್ಷಾಂಶ, ರೇಖಾಂಶ 5 ದಶಮಾಂಶದ ತನಕ, ಗಿಡದ ಎಣಿಕಿ, ತಾರೀಖು ಬರ್ಕೊಳ್ರಿ.

ಗಡ್ಡಿ ಮಾತು. ಹೂ ಇದ್ದಾಗ ನೆಲದಾಗ ಎರಡಿರ್ತಾವ: ಒಂದು ಈ ವರ್ಷದ್ದು, ಸುಕ್ಕಾಗ್ತಿರ್ತದ, ಇನ್ನೊಂದು ಮುಂದಿನ ವರ್ಷಕ್ಕ, ಇನ್ನೂ ತುಂಬಿರೂದಿಲ್ಲ. ಈಗ ಕಿತ್ರ ಎರಡೂ ಹೋದ್ವು. ಎರಿ ಮಣ್ಣಿನ ಕುಂಡ್ಯಾಗ ನೀರು ನಿಂತು ಕೊಳೀತದ, ಬೇರಿಗೆ ಬೇಕಾದ ಶಿಲೀಂಧ್ರ ಅಲ್ಲಿ ಇರೂದೂ ಇಲ್ಲ. ಚಿಂಚೋಳಿ ವನ್ಯಜೀವಿ ಧಾಮದೊಳಗಿಂದ ಅನುಮತಿ ಇಲ್ಲದೇ ಗಿಡ ಕೀಳೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅರಣ್ಯ ಇಲಾಖೆಯವರಿಗೆ ನೀವೇ ಹೋಗಿ ಹೇಳ್ರಿ.

ಅನುಮತಿ ಸಿಕ್ಕ ಮ್ಯಾಲ ನಮೂನೆಗೆ ಒಂದು ಹೂ ಸಾಕು, 70% ಸ್ಪಿರಿಟಿನಾಗ. ಅಂಗಡ್ಯಾಗಿನದು 95% ಇದ್ರ 3 ಪಾಲಿಗೆ 1 ಪಾಲು ನೀರು. ಸ್ಯಾನಿಟೈಸರ್ ಜೆಲ್ ಬ್ಯಾಡ. ಚೀಟಿ ಪೆನ್ಸಿಲಿನಾಗ ಬರೆದು ಬಾಟ್ಲಿ ಒಳಗೇ ಹಾಕ್ರಿ, ಪೆನ್ನಿನ ಶಾಯಿ ಕರಗಿಹೋಗ್ತದ. ಬಣ್ಣ ಉಳಿಯೂದಿಲ್ಲ, ಅದಕ್ಕ ಮೊದಲು ಫೋಟೊ.

ಪಟ್ಟಿಯೊಳಗ ಇಲ್ಲ ಅಂದಕೂಡ್ಲೆ ಆ ಗಿಡಕ್ಕ ಅದು ಹೊಸದಾಗಿ ಸಿಕ್ಕ ನೆಲಿ ಅಲ್ರಿ. ಆ ಕಾಡಿನ ಆಚೀಕಡೆ ತೆಲಂಗಾಣ. ಅಲ್ಲಿನ ಪಟ್ಟಿ, ಹಳೇ ಹೆಸರು ಎಲ್ಲಾ ನೋಡ್ರಿ. ಉದಾಹರಣೆಗೆ ನರ್ವಿಲಿಯಾ ಅರಗೋವಾನಾ ಅನ್ನೋ ಇನ್ನೊಂದು ನೆಲದ ಆರ್ಕಿಡ್ ಈಗ ನರ್ವಿಲಿಯಾ ಕಾನ್‌ಕಲರ್ ಅಂತ ಅದ. ಅದರ ಹೂ ಮೊದಲು, ಎಲಿ ಆಮ್ಯಾಲ; ಅದೇ ಜಾಗಕ್ಕ ಎರಡು ಸಲ ಹೋಗಬೇಕು.