ಕಾರಿನ ಆಯ್ಕೆಯೂ ವ್ಯಕ್ತಿಯ ಸ್ವಭಾವವೂ

ಪ್ರಶ್ನೆ: ಒಬ್ಬರು ಕೊಳ್ಳುವ ಕಾರಿನಿಂದ ಅವರ ಸ್ವಭಾವವನ್ನು ತಿಳಿಯಬಹುದೇ?

ಉತ್ತರ: ಸ್ವಭಾವಕ್ಕಿಂತ ಹೆಚ್ಚಾಗಿ, ನಾಲ್ಕು ಜನರ ಕಣ್ಣಿಗೆ ತಾವು ಹೇಗೆ ಕಾಣಬೇಕೆಂಬ ಅವರ ಹಂಬಲವನ್ನು ತಿಳಿಯಬಹುದು. 2009ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನ್ಯಾನೋವನ್ನೇ ನೋಡಿ. ಹೆಂಡತಿ ಮಕ್ಕಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮಳೆಯಲ್ಲಿ ಸಾಗುವ ಕುಟುಂಬಗಳಿಗಾಗಿ, ಸುಮಾರು 1 ಲಕ್ಷ ರೂಪಾಯಿಯ ಆರಂಭಿಕ ಬೆಲೆಗೆ ರೂಪುಗೊಂಡ ಆ ಕಾರು, ಒಳಗೆ ಸಾಕಷ್ಟು ವಿಶಾಲವಾಗಿದ್ದರೂ ‘ಅತಿ ಅಗ್ಗದ ಕಾರು’ ಎಂಬ ಹಣೆಪಟ್ಟಿಯಿಂದ ಸೊರಗಿತು. ಆ ಪ್ರಚಾರ ತಪ್ಪಾಯಿತೆಂದು ರತನ್ ಟಾಟಾ ಅವರೇ ಮುಂದೆ ಒಪ್ಪಿಕೊಂಡರು. ಕೆಲವು ಕಾರುಗಳಿಗೆ ಬೆಂಕಿ ಹೊತ್ತಿದ ಸುದ್ದಿಯೂ ಹಾನಿ ಮಾಡಿತು, ನಿಜ. ಆದರೂ ಅಗ್ಗದ ಕಾರಿನಿಂದ ಮದುವೆ ಮನೆಯ ಮುಂದೆ ಇಳಿಯುವ ಸಂಕೋಚವೇ ದೊಡ್ಡ ಅಡ್ಡಿಯಾಯಿತೆಂಬುದು ನನ್ನ ದೃಢ ಅಭಿಪ್ರಾಯ. ಹಾಗೆಂದು ಎಸ್‌ಯುವಿ ಎಂಬ ಎತ್ತರದ ದೊಡ್ಡ ಕಾರನ್ನು ಕೊಂಡವರೆಲ್ಲರನ್ನೂ ಆಡಂಬರದವರೆನ್ನುವುದು ಅನ್ಯಾಯ. ವೃದ್ಧ ತಾಯಿಯ ಮಂಡಿನೋವೋ, ಊರಿನ ಹದಗೆಟ್ಟ ರಸ್ತೆಯೋ ಆ ಆಯ್ಕೆಯನ್ನು ನಿರ್ಧರಿಸಿರಬಹುದು.