ಪ್ರಶ್ನೋತ್ತರ: ಮೊರಿಲ್ ಕೊಡಿಸಿದ ಭೂಮಿ

ಪ್ರಶ್ನೆ: ಅಮೆರಿಕದ ‘ಲ್ಯಾಂಡ್ ಗ್ರಾಂಟ್’ (ಸರ್ಕಾರ ಕೊಟ್ಟ ಭೂಮಿಯ ನೆರವಿನ) ಕಾಲೇಜುಗಳಿಗೆ ಕಾರಣರಾದ ಜಸ್ಟಿನ್ ಮೊರಿಲ್ ಶಿಕ್ಷಣ ತಜ್ಞರೇ?

ಉತ್ತರ: ಅಲ್ಲ, ಅಂಗಡಿ ವ್ಯಾಪಾರಿ. 1810ರಲ್ಲಿ ವರ್ಮಾಂಟ್‌ನ ಸ್ಟ್ರಾಫರ್ಡ್‌ನಲ್ಲಿ ಹುಟ್ಟಿದ ಕಮ್ಮಾರನ ಮಗ. ಹದಿನೈದಕ್ಕೇ ಶಾಲೆ ಬಿಟ್ಟರು. ವ್ಯಾಪಾರದಲ್ಲಿ ಚೆನ್ನಾಗಿ ಗಳಿಸಿ 1848ರಲ್ಲಿ ಅಂಗಡಿಯಿಂದ ಹೊರಬಂದರು. 1855ರಿಂದ 12 ವರ್ಷ ಪ್ರತಿನಿಧಿ ಸಭೆ, ಅಲ್ಲಿಂದ 1898ರಲ್ಲಿ ಸಾಯುವವರೆಗೂ ಸೆನೆಟ್. 1861ರ ಸುಂಕದ ಕಾಯ್ದೆಗೂ ಅವರದೇ ಹೆಸರು.

ಪ್ರಶ್ನೆ: 1862ರ ಮೊರಿಲ್ ಕಾಯ್ದೆಯಡಿ ರಾಜ್ಯಗಳಿಗೆ ಭೂಮಿ ಕೊಟ್ಟರು ಎಂದರೆ ಕಾಲೇಜು ಕಟ್ಟಲು ಜಾಗ ಕೊಟ್ಟರು ಎಂದೇ?

ಉತ್ತರ: ಬಹಳ ಜನ ಎಡವುವುದು ಇಲ್ಲೇ. ಅದು ಮಾರಿ ದುಡ್ಡು ಮಾಡಿಕೊಳ್ಳಲು ಕೊಟ್ಟ ಭೂಮಿ. ಕಾಂಗ್ರೆಸ್ಸಿನಲ್ಲಿ, ಅಂದರೆ ಅಮೆರಿಕದ ಸಂಸತ್ತಿನಲ್ಲಿ, ರಾಜ್ಯಕ್ಕಿರುವ ಪ್ರತಿ ಸದಸ್ಯನ ಲೆಕ್ಕಕ್ಕೆ 30,000 ಎಕರೆ. ನ್ಯೂಯಾರ್ಕ್‌ಗೆ ಇಬ್ಬರು ಸೆನೆಟರು, 31 ಪ್ರತಿನಿಧಿಗಳು; 33ರಿಂದ ಗುಣಿಸಿದರೆ 9,90,000 ಎಕರೆ. ಅಷ್ಟು ಸರ್ಕಾರಿ ಭೂಮಿ ಆ ರಾಜ್ಯದಲ್ಲಿ ಎಲ್ಲಿತ್ತು? ಹಾಗಾಗಿ ಪಶ್ಚಿಮದ ಭೂಮಿಯ ಮೇಲೆ ಹಕ್ಕು ಕೊಡುವ ‘ಸ್ಕ್ರಿಪ್’ ಎಂಬ ಪತ್ರ ಕೊಟ್ಟರು. (ಆ ಭೂಮಿಯಾದರೋ ಮೂಲನಿವಾಸಿಗಳಿಂದ ಒಪ್ಪಂದದ ಹೆಸರಲ್ಲೋ ಬಲವಂತದಿಂದಲೋ ಪಡೆದದ್ದು.)

ತೊಡಕು ಇದ್ದದ್ದು ಸ್ಕ್ರಿಪ್ಪಿನಲ್ಲಿ. ರಾಜ್ಯ ತಾನೇ ಇನ್ನೊಂದು ರಾಜ್ಯದಲ್ಲಿ ಭೂಮಿ ಹಿಡಿಯುವಂತಿರಲಿಲ್ಲ, ಪತ್ರವನ್ನು ಬೇರೆಯವರಿಗೆ ಮಾರಲೇಬೇಕು. ಎಲ್ಲರೂ ಒಟ್ಟಿಗೆ ಮಾರಲು ಹೊರಟರು. ಅದೇ 1862ರ ಹೋಮ್‌ಸ್ಟೆಡ್ ಕಾಯ್ದೆ ನೆಲೆಸಿ ಉಳುವವರಿಗೆ 160 ಎಕರೆಯನ್ನು ಹೆಚ್ಚುಕಡಿಮೆ ಬಿಟ್ಟಿ ಕೊಡತೊಡಗಿತ್ತು. ಎಕರೆಗೆ ಸರ್ಕಾರಿ ದರ ಒಂದೂಕಾಲು ಡಾಲರ್. ಅದರ ಅರ್ಧವೂ ಗಿಟ್ಟದೆ ಮಾರಿದ ರಾಜ್ಯಗಳುಂಟು. ಉದ್ಯಮಿ ಎಜ್ರಾ ಕಾರ್ನೆಲ್ ಮಾತ್ರ ನ್ಯೂಯಾರ್ಕ್‌ನ ಸ್ಕ್ರಿಪ್ ತಾವೇ ಕೊಂಡು, ವಿಸ್ಕಾನ್ಸಿನ್‌ನ ಪೈನ್ ಕಾಡು ಹಿಡಿದು, ಬೆಲೆ ಏರಲು ಕಾದರು. ಆ ಲಾಭ ಅವರ ಹೆಸರಿನ ವಿಶ್ವವಿದ್ಯಾಲಯಕ್ಕೆ ಹೋಯಿತು.

ಬಂದ ಹಣಕ್ಕೂ ಮೊರಿಲ್ ಬೀಗ ಹಾಕಿದ್ದರು. ಅಸಲು ಮುಟ್ಟಬಾರದು, ಬಡ್ಡಿಯಲ್ಲೇ ಪಾಠ ನಡೆಯಬೇಕು. ಹತ್ತರಲ್ಲೊಂದು ಭಾಗದಲ್ಲಿ ನಿವೇಶನವನ್ನೋ ಪ್ರಯೋಗದ ಹೊಲವನ್ನೋ ಕೊಳ್ಳಬಹುದು, ಕಟ್ಟಡಕ್ಕೆ ಮಾತ್ರ ಒಂದು ಸೆಂಟೂ ಇಲ್ಲ, ರಿಪೇರಿಗೂ ಸಹ. ಐದು ವರ್ಷದೊಳಗೆ ಕಾಲೇಜು ತೆರೆಯಬೇಕು. ಕೃಷಿ, ಯಂತ್ರವಿದ್ಯೆಯ ಜೊತೆಗೆ ಸೈನಿಕ ಶಿಕ್ಷಣವೂ ಇರಬೇಕು.

ಪ್ರಶ್ನೆ: ಮಸೂದೆ ಸಲೀಸಾಗಿ ಪಾಸಾಯಿತೇ?

ಉತ್ತರ: ಇಲ್ಲ. 1857ರಲ್ಲಿ ಮಂಡಿಸಿದ್ದು ಎರಡೂ ಸದನ ದಾಟಿದರೂ 1859ರಲ್ಲಿ ಅಧ್ಯಕ್ಷ ಬ್ಯೂಕನನ್ ವೀಟೊ ಹಾಕಿದರು. ಅಂತರ್ಯುದ್ಧ ಶುರುವಾಗಿ, ವಿರೋಧಿಸುತ್ತಿದ್ದ ದಕ್ಷಿಣದವರು ಕಾಂಗ್ರೆಸ್ ಬಿಟ್ಟು ಹೋದ ಮೇಲೆ, 1862ರ ಜುಲೈ 2ರಂದು ಲಿಂಕನ್ ಸಹಿ ಹಾಕಿದರು. 1890ರಲ್ಲಿ ಮೊರಿಲ್ ಎರಡನೆಯ ಕಾಯ್ದೆ ತಂದರು: ರಾಜ್ಯಕ್ಕೆ ವರ್ಷಕ್ಕೆ 15,000 ಡಾಲರ್, ಏರುತ್ತಾ 25,000. ಷರತ್ತು, ಪ್ರವೇಶದಲ್ಲಿ ಬಣ್ಣ ನೋಡಬಾರದು, ಇಲ್ಲವೇ ಕರಿಯರಿಗೆ ಬೇರೆ ಕಾಲೇಜು ನಡೆಸಿ ಹಣ ನ್ಯಾಯವಾಗಿ ಹಂಚಬೇಕು. ದಕ್ಷಿಣದ ರಾಜ್ಯಗಳು ಹಿಡಿದದ್ದು ಎರಡನೆಯ ದಾರಿ.