ಕ್ರಿಸ್‌ಮಸ್ ಗಿಡ ಮತ್ತೆ ಕೆಂಪಾಗಲು ಕತ್ತಲೆ ಬೇಕು

ಪ್ರಶ್ನೆ: ಎರಡು ವರ್ಷದ ಹಿಂದೆ ಕ್ರಿಸ್‌ಮಸ್ ಸಮಯದಲ್ಲಿ ನರ್ಸರಿಯಿಂದ ಪಾಯಿನ್‌ಸೆಟಿಯಾ ಗಿಡ ತಂದೆವು. ಬೇಸಿಗೆಗೆ ಎಲೆ ಉದುರಿತು, ಮಳೆಗೆ ಚೆನ್ನಾಗಿ ಚಿಗುರಿತು. ಆದರೆ ಹೋದ ಡಿಸೆಂಬರಿನಲ್ಲಿ ಕೆಂಪು ಬರಲೇ ಇಲ್ಲ. ಗೋಡೆ ಕಡೆ ಇದ್ದ ಒಂದು ಕೊಂಬೆಯಲ್ಲಿ ಮಾತ್ರ ಸ್ವಲ್ಪ ಬಣ್ಣ ಕಂಡಿತು. ಗೊಬ್ಬರ ಜಾಸ್ತಿ ಹಾಕಿ ಅಂದರು, ಹಾಕಿದೆವು, ಪ್ರಯೋಜನ ಆಗಲಿಲ್ಲ. ಮೊದಲ ಮಹಡಿಯ ಬಾಲ್ಕನಿ, ಬೆಳಗಿನ ಬಿಸಿಲು ಬರುತ್ತದೆ, ಎದುರಿಗೇ ಬೀದಿ ದೀಪವಿದೆ. ಈ ವರ್ಷ ಏನು ಮಾಡಬೇಕು?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಗಿಡಕ್ಕೆ ಯಾವ ರೋಗವೂ ಇಲ್ಲ, ಗೊಬ್ಬರವೂ ಕಡಿಮೆಯಾಗಿಲ್ಲ. ತೊಂದರೆ ಇರುವುದು ಆ ಬೀದಿ ದೀಪದಲ್ಲಿ. ಗೋಡೆ ಕಡೆಯ ಕೊಂಬೆಗೆ ಬಣ್ಣ ಬಂತು ಅಂದಿರಲ್ಲ, ಅದಕ್ಕೆ ದೀಪದ ಬೆಳಕು ಸರಿಯಾಗಿ ಬಿದ್ದಿಲ್ಲ.

ಈ ಗಿಡಕ್ಕೆ ಹೂ ಬಿಡುವ ಕಾಲ ಗೊತ್ತಾಗುವುದು ರಾತ್ರಿ ಎಷ್ಟು ಉದ್ದವಿದೆ ಎನ್ನುವುದರಿಂದ. ದಿನವೂ ಸುಮಾರು 12 ಗಂಟೆಗೂ ಜಾಸ್ತಿ ಕತ್ತಲೆ ಸಿಗಬೇಕು, ಅದೂ ಒಂದೇ ಸಮನೆ. ನಡುವೆ ಸ್ವಲ್ಪ ಹೊತ್ತು ದೀಪ ಬಿದ್ದರೂ ಗಿಡ ಅದನ್ನು ಎರಡು ಚಿಕ್ಕ ರಾತ್ರಿಗಳೆಂದೇ ತಿಳಿಯುತ್ತದೆ, ಮೊಗ್ಗು ಕಟ್ಟದೆ ಸುಮ್ನೆ ಎಲೆ ಬಿಡುತ್ತಾ ಹೋಗುತ್ತದೆ. ಸೇವಂತಿಗೆಯ ಸ್ವಭಾವವೂ ಇದೇ. ಹೂವನ್ನು ತಡ ಮಾಡಿಸಲು ಸೇವಂತಿಗೆ ಬೆಳೆಗಾರರು ರಾತ್ರಿ ಹೊತ್ತು ಹೊಲದಲ್ಲಿ ಬಲ್ಬ್ ಉರಿಸುವುದು ಇದೇ ಕಾರಣಕ್ಕೆ. ಅವರು ಬೇಕೆಂದೇ ಮಾಡುವ ಕೆಲಸವನ್ನು ನಿಮ್ಮ ಗಿಡಕ್ಕೆ ಬೀದಿ ದೀಪ ಮಾಡುತ್ತಿದೆ.

ಗಿಡದ ತವರು ಮೆಕ್ಸಿಕೊ. ಅಲ್ಲಿಗೆ ಅಮೆರಿಕದ ರಾಯಭಾರಿಯಾಗಿ ಹೋಗಿದ್ದ ಜೋಯೆಲ್ ಪಾಯಿನ್‌ಸೆಟ್ 1828ರ ಸುಮಾರಿಗೆ ಇದನ್ನು ತನ್ನ ದೇಶಕ್ಕೆ ಕಳಿಸಿದ, ಹೆಸರು ಬಂದದ್ದು ಅವನಿಂದಲೇ. ಚಳಿ ದೇಶಗಳವರು ಇದನ್ನು ಮನೆಯೊಳಗೆ ಸಾಕುವುದರಿಂದ ಸಂಜೆ 5ರಿಂದ ಬೆಳಿಗ್ಗೆ 8ರವರೆಗೆ ಕಪಾಟಿನಲ್ಲಿ ಇಡಿ ಅಂತ ಹೇಳುತ್ತಾರೆ. ಮೈಸೂರಿನಲ್ಲಿ ಅಷ್ಟೆಲ್ಲ ಬೇಡ. ಸೆಪ್ಟೆಂಬರ್ ಕೊನೆಯಿಂದ ನಮ್ಮಲ್ಲಿ ರಾತ್ರಿ ಹಗಲಿಗಿಂತ ಉದ್ದವಾಗುತ್ತದೆ, ಡಿಸೆಂಬರಿನಲ್ಲಿ ಹನ್ನೆರಡೂವರೆ ಗಂಟೆ ಮುಟ್ಟುತ್ತದೆ. ಗಿಡಕ್ಕೆ ಅಷ್ಟು ಸಾಕು. ಆದರೆ ಬೇಕಾದದ್ದಕ್ಕಿಂತ ಹೆಚ್ಚು ಉಳಿಯುವುದು ತೀರಾ ಸ್ವಲ್ಪ. ಬಾಲ್ಕನಿಯ ಟ್ಯೂಬ್‌ಲೈಟ್ ರಾತ್ರಿ ಹತ್ತರವರೆಗೆ ಉರಿದರೆ ಕತ್ತಲೆ ಎಂಟು ಗಂಟೆಗೆ ಇಳಿಯುತ್ತದೆ. ನಮ್ಮೂರಿನಲ್ಲಿ ಇನ್ನೊಂದು ತೊಡಕಿದೆ: ಗಿಡ ಮೊಗ್ಗು ಕಟ್ಟಲು ಶುರು ಮಾಡುವ ಹೊತ್ತಿಗೇ ದಸರಾ ದೀಪಾಲಂಕಾರ ಬರುತ್ತದೆ. ದಸರಾ ಬೆಳಕು ನಮಗೆಲ್ಲ ಸಂಭ್ರಮ, ಅದು ಇರಲೇಬೇಕು. ಸರದೀಪ ಹಾಕಿದ ಬೀದಿಯಲ್ಲಿ ಮನೆಯಿದ್ದರೆ ಆ ದಿನಗಳಲ್ಲಿ ಕುಂಡವನ್ನು ಹಿಂದಿನ ಅಂಗಳಕ್ಕೆ ಸಾಗಿಸಿದರೆ ಆಯಿತು.

ಈಗ ಆಗಸ್ಟ್. ಈ ತಿಂಗಳು ಮುಗಿಯುವುದರೊಳಗೆ ಪ್ರತಿ ಕೊಂಬೆಯ ತುದಿ ಚಿವುಟಿ, ಪಕ್ಕದ ಚಿಗುರು ಬರುತ್ತದೆ. ಸೆಪ್ಟೆಂಬರ್ ಎರಡನೇ ವಾರದ ನಂತರ ಚಿವುಟಬೇಡಿ, ಆಮೇಲೆ ಬರುವ ತುದಿಯಲ್ಲೇ ಬಣ್ಣ ಕಟ್ಟಬೇಕು. ಯೂರಿಯಾ ಕೈಬಿಡಿ. 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವುದು) ಲೀಟರ್ ನೀರಿಗೆ 1 ಗ್ರಾಂ ಕರಗಿಸಿ 15 ದಿನಕ್ಕೊಮ್ಮೆ ಕೊಟ್ಟರೆ ಸಾಕು.

ಅಕ್ಟೋಬರ್ 1ರಿಂದ ಕತ್ತಲೆಯ ಕೆಲಸ. ರಾತ್ರಿ ಒಂಬತ್ತಕ್ಕೆ ಕುಂಡದ ಪಕ್ಕ ನಿಂತು ನೋಡಿ. ಪತ್ರಿಕೆಯ ತಲೆಬರಹ ಓದುವಷ್ಟು ಬೆಳಕಿದ್ದರೆ ಆ ಜಾಗ ಬೇಡ. ಬೇರೆ ಜಾಗ ಇಲ್ಲವೆಂದರೆ ಸಂಜೆ ಆರಕ್ಕೆ ದೊಡ್ಡ ರಟ್ಟಿನ ಪೆಟ್ಟಿಗೆ ಬೋರಲು ಹಾಕಿ, ಬೆಳಿಗ್ಗೆ ಏಳಕ್ಕೆ ತೆಗೆಯಿರಿ. ಪ್ಲಾಸ್ಟಿಕ್ ಬೇಡ, ಒಳಗೆ ಬೆವೆತು ಎಲೆ ಕೊಳೆಯುತ್ತದೆ. ಬೆಳಿಗ್ಗೆ ಪೆಟ್ಟಿಗೆ ತೆಗೆಯಲು ಮರೆಯಲೇಬೇಡಿ. ರಾತ್ರಿ ಕತ್ತಲೆ ಎಷ್ಟು ಮುಖ್ಯವೋ ಹಗಲಿನ ಐದಾರು ಗಂಟೆ ಬಿಸಿಲೂ ಅಷ್ಟೇ ಮುಖ್ಯ. ಒಂದೆರಡು ರಾತ್ರಿ ತಪ್ಪಿದರೆ ಗಿಡ ಸ್ವಲ್ಪ ತಡ ಮಾಡೀತು. ವಾರಗಟ್ಟಲೆ ತಪ್ಪಿದರೆ ಆ ವರ್ಷ ಹೋದಂತೆಯೇ. ಎಂಟು ವಾರದಷ್ಟು ತಾಳ್ಮೆ ಬೇಕು.

ನವೆಂಬರಿನಲ್ಲಿ ತುದಿಯ ಎಲೆಗಳನ್ನು ಹತ್ತಿರದಿಂದ ಗಮನಿಸಿ. ಹೊಸ ಎಲೆಯ ಬುಡದಲ್ಲಿ, ನರದ ಗುಂಟ ಮೊದಲು ಕೆಂಪು ಹರಿಯುತ್ತದೆ. ಕೆಲವು ದಿನ ಅರ್ಧ ಹಸಿರು, ಅರ್ಧ ಕೆಂಪಾಗಿಯೇ ಇರುತ್ತದೆ. ಕಾಗದದ ಹೂವಿನ ಹಾಗೆ ಇಲ್ಲೂ ಬಣ್ಣ ಬರುವುದು ಎಲೆಗೆ. ನಿಜವಾದ ಹೂ ನಡುವೆ ಇರುವ ಹಳದಿ-ಹಸಿರು ಪುಟ್ಟ ಬಟ್ಟಲುಗಳು. ಅವುಗಳ ಅಂಚಿನಲ್ಲಿ ತುಟಿಯಂಥ ಹಳದಿ ಗ್ರಂಥಿ ಇದ್ದು, ಮಕರಂದ ಒಸರುತ್ತದೆ. ಇರುವೆ ಹತ್ತಿದರೆ ಹೆದರಬೇಡಿ, ಅದಕ್ಕೇ ಬಂದಿರುತ್ತವೆ. ಬಟ್ಟಲುಗಳು ಮೂಡಿ ಎಲೆ ಪೂರ್ತಿ ಕೆಂಪಾದ ಮೇಲೆ ಪೆಟ್ಟಿಗೆ ಬೇಕಿಲ್ಲ. ಹಬ್ಬಕ್ಕೆ ದೀಪದ ಪಕ್ಕದಲ್ಲೇ ಇಟ್ಟುಕೊಳ್ಳಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನರ್ಸರಿಯಿಂದ ತಂದಾಗ ಇದ್ದ ಗಿಡ್ಡ, ದುಂಡು ಆಕಾರ ಮತ್ತೆ ಬರುವುದಿಲ್ಲ. ಬೆಳವಣಿಗೆ ತಡೆಯುವ ಔಷಧಿ ಕೊಟ್ಟು ಅವರು ಗಿಡ್ಡಗೆ ಬೆಳೆಸಿರುತ್ತಾರೆ. ನಿಮ್ಮದು ಎತ್ತರವಾಗುತ್ತದೆ, ಕೆಂಪು ತುದಿಯಲ್ಲಿರುತ್ತದೆ. ನನ್ನ ಕಣ್ಣಿಗೆ ಅದೇ ಚೆಂದ.

ಪ್ರಶ್ನೆ: ನಮ್ಮ ತೋಟದ ಬೇಲಿಯಲ್ಲಿ ಇದೇ ಗಿಡ ಎರಡಾಳೆತ್ತರ ಇದೆ. ಯಾರೂ ನೋಡಿಕೊಳ್ಳದಿದ್ದರೂ ಪ್ರತಿ ವರ್ಷ ಕೆಂಪಾಗುತ್ತದೆ. ಕಡ್ಡಿ ನೆಟ್ಟರೆ ಕುಂಡದಲ್ಲಿ ಬರುತ್ತದಾ? ಹಾಲು ವಿಷ ಅಂತಾರೆ, ನಿಜವಾ?
– ಓದುಗರು, ಮಂಡ್ಯ ತಾಲ್ಲೂಕು

ಉತ್ತರ: ನಿಮ್ಮ ಬೇಲಿಗೆ ರಾತ್ರಿ ದೀಪ ತಾಗುವುದಿಲ್ಲ, ಅಲ್ವಾ? ಅದಕ್ಕೇ ಯಾರ ಆರೈಕೆಯೂ ಬೇಕಾಗಿಲ್ಲ.

ಕಡ್ಡಿ ಖಂಡಿತ ಬರುತ್ತದೆ. ಫೆಬ್ರವರಿ-ಮಾರ್ಚ್‌ನಲ್ಲಿ ಕೆಂಪು ಉದುರಿದ ಮೇಲೆ ಗಿಡ ಕತ್ತರಿಸುವಾಗ ಪೆನ್ಸಿಲ್ ದಪ್ಪದ, 6 ಇಂಚಿನ ಕಡ್ಡಿ ತೆಗೆದುಕೊಳ್ಳಿ. ಕತ್ತರಿಸಿದ ತುದಿಯನ್ನು ನೀರಿನಲ್ಲಿ ಅದ್ದಿ, ಹಾಲು ನಿಂತ ಮೇಲೆ ಮರಳು ಬೆರೆಸಿದ ಮಣ್ಣಿಗೆ ಚುಚ್ಚಿ, ನೆರಳಿನಲ್ಲಿಡಿ. ಮೂರು-ನಾಲ್ಕು ವಾರಕ್ಕೆ ಬೇರು ಬಿಡುತ್ತದೆ. ಕುಂಡದ ತಳದಲ್ಲಿ ನೀರು ನಿಲ್ಲಬಾರದು, ಜಡಿಮಳೆಯಲ್ಲಿ ಬೇರು ಬೇಗ ಕೊಳೆಯುತ್ತದೆ. ಬೇಲಿಯ ಗಿಡ ಸಣಕಲಾಗಿ ಮೇಲೇಳುವುದರಿಂದ ಆಗಸ್ಟ್‌ವರೆಗೆ ಎರಡು-ಮೂರು ಸಲ ತುದಿ ಚಿವುಟಿ.

ಹಾಲಿನ ಬಗ್ಗೆ ಜನ ಹೆದರುವಷ್ಟು ಅಪಾಯವಿಲ್ಲ. ಕೆಲವರ ಚರ್ಮಕ್ಕೆ ತುರಿಕೆ ಬರುತ್ತದೆ, ಕಣ್ಣಿಗೆ ಬಿದ್ದರೆ ಉರಿಯುತ್ತದೆ, ನಾಯಿ-ಬೆಕ್ಕು ತಿಂದರೆ ವಾಂತಿ ಮಾಡಬಹುದು. ಕತ್ತರಿಸುವಾಗ ಕೈಗವಸು ಹಾಕಿ, ಕಣ್ಣಿಗೆ ಬಿದ್ದರೆ ಉಜ್ಜದೆ ಚೆನ್ನಾಗಿ ನೀರು ಹಾಕಿ ತೊಳೆಯಿರಿ, ಉರಿ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.